ಪೆನ್ಸಿಲ್‌ಗೆ ಮೊದಲು ಅವರೆಕಾಯಿ

ಎಲ್ಲರಿಗೂ ನಮಸ್ಕಾರ. ಮಕ್ಕಳು ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ ಎಂದು ಮೊನ್ನೆ ಮೂರು ನಾಲ್ಕು ಜನ ಬರೆದಿದ್ದಿರಿ. ಸುಮ್ನೆ ಜಾಸ್ತಿ ಬರೆಸಬೇಡಿ. ಮೊದಲು ಬೆರಳಿಗೆ ಬಲ ಬರಲಿ.

ಈಗ ಮಂಡ್ಯದ ಮಾರ್ಕೆಟ್ ತುಂಬಾ ಸೊಗಡಿನ ಅವರೆಕಾಯಿ. ಇದಕ್ಕಿಂತ ಒಳ್ಳೆ ಆಟದ ಸಾಮಾನು ಬೇಕಾ? ಕಾಯಿ ಬಿಡಿಸಲಿ. ಕಾಳು ನೆನೆಸಿಟ್ಟು ಹಿತುಕಲು ಕೊಡಿ. ನನ್ನ ಮಗಳು ಮೊದಲ ದಿನ ಹತ್ತು ಕಾಳಿಗೇ "ಕೈ ನೋವು" ಎಂದಳು. ಹನ್ನೊಂದನೆಯದು ಪುಳಕ್ಕನೆ ಹಾರಿ ಅಜ್ಜಿಯ ಕಾಫಿ ಲೋಟಕ್ಕೆ ಬಿತ್ತು. ಆಮೇಲೆ ನಿಲ್ಲಿಸಲೇ ಇಲ್ಲ! ಹಿತುಕುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು. ಪೆನ್ಸಿಲ್ ಹಿಡಿಯುವುದೂ ಇದೇ ಮೂರು ತಾನೇ?

ಅಟ್ಟದಲ್ಲಿರುವ ಅಳಗುಳಿ ಮಣೆ ಇಳಿಸಿ. 14 ಗುಳಿ, ಒಂದು ಹಿಡಿ ಹುಣಸೆ ಬೀಜ. ಅಂಗೈಯಲ್ಲಿರುವ ಬೀಜ ಚೆಲ್ಲದಂತೆ ಒಂದೊಂದನ್ನೇ ಬೆರಳ ತುದಿಗೆ ತರುವುದು ನಮಗೆ ಸುಲಭ, ಐದು ವರ್ಷದ ಕೈಗೆ ಅದೇ ದೊಡ್ಡ ಕಸರತ್ತು. ಗುಲಗಂಜಿ ಮಾತ್ರ ಬೇಡವೇ ಬೇಡ, ಅದು ವಿಷ.

3 ವರ್ಷದೊಳಗಿನವರಿಗೆ ಕಾಳು, ಬೀಜ ಯಾವುದೂ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರಿಗೆ ಚಪಾತಿ ಹಿಟ್ಟಿನ ಉಂಡೆ, ಹರಿಯಲು ಹಳೆ ಪೇಪರ್ ಕೊಡಿ. ಕರ್ಚೀಫು ಹಿಂಡುವುದೂ ಆಟವೇ, ನೆಲ ಒದ್ದೆಯಾಗುತ್ತದೆ ಅಷ್ಟೆ.

ಐದು ದಾಟಿದರೂ ಗುಂಡಿ ಹಾಕಲು, ಚಮಚ ಹಿಡಿಯಲು ತುಂಬಾ ಒದ್ದಾಡಿದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.

ಭಾನುವಾರ ಸಂಜೆ 5ಕ್ಕೆ ಪಾರ್ಕಿನಲ್ಲಿ ಸೇರೋಣ. ಮಣೆ ಇದ್ದವರು ತನ್ನಿ. ಅವರೆಕಾಯಿ ನಾನು ತರುತ್ತೇನೆ.