ಅಪ್ಪನ ಕಾಲಿನ ವಿಷಯ

ಬರ್ಲಿನ್, ಮೇ 12

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ನಿನ್ನ ಮಾತನ್ನು ಪುಟ್ಟ ಬರೆದು ಕಳಿಸಿದ್ದು ಓದಿದೆ. ಫೋನಿನಲ್ಲಾದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ನೀನು ಬಾಯಿ ಬಿಡುವುದಿಲ್ಲ. ಅದಕ್ಕೇ ನಾನೂ ಬರೆದು ಪುಟ್ಟನ ಮೊಬೈಲಿಗೆ ಕಳಿಸುತ್ತಿದ್ದೇನೆ. ಅವನು ನಿನಗೊಬ್ಬಳಿಗೇ ಓದಿ ಹೇಳಲಿ.

ತೋಪಿನಲ್ಲಿ ಮುಳ್ಳು ಚುಚ್ಚಿ ಮೂರು ವಾರ ಆಯಿತು, ಹೆಬ್ಬೆರಳು ಊದಿದೆ, ಆದರೆ ನೋವಿಲ್ಲ ಅನ್ನುತ್ತಾರೆ ಅಂತ ಬರೆಸಿದ್ದೀಯ. ಅಮ್ಮ, ನೋವಿಲ್ಲ ಅಂದಿದ್ದಕ್ಕೇ ನನಗೆ ಭಯ. ತುಂಬಾ ವರ್ಷ ಶುಗರ್ ಇದ್ದವರ ಪಾದದ ನರಗಳು ಸತ್ತಿರಬಹುದು. ಗಾಯ ಮೂಳೆ ತನಕ ಇಳಿದರೂ ಗೊತ್ತಾಗಲ್ಲ.

ಇಲ್ಲಿ ಈಗ ಬಿಳಿ ಶತಾವರಿ ಕಾಲ. ನಮಗೆ ಮಾವು ಹೇಗೋ ಇವರಿಗೆ ಇದು ಹಾಗೆ. ಜೂನ್ 24ರವರೆಗೆ ಎಲ್ಲಿ ನೋಡಿದರೂ ಅದೇ. ಬರೀ ಬೆಣ್ಣೆ ಹಾಕಿ ತಿನ್ನುತ್ತಾರೆ. ನಾನು ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ, ಜೊತೆಯವರು ಪಾತ್ರೆ ಬಳಿದು ತಿಂದರು.

ಸೈಕಲ್ ಬೆಲ್ ಇಟ್ಟುಕೊಂಡಿರುವ ಅಜ್ಜಿ ವಿಷಯ ಹೇಳಿದ್ದೆ ಅಲ್ವಾ? ಈಗ 92 ವರ್ಷ. ಹೋದ ಭಾನುವಾರ ಅವರನ್ನು ಗಾಲಿಕುರ್ಚಿಯಲ್ಲಿ ಟ್ರೆಪ್ಟೋ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಸುಮಾರು 7,000 ಸೋವಿಯತ್ ಸೈನಿಕರನ್ನು ಹೂತಿದ್ದಾರೆ. ಮಗು ಎತ್ತಿಕೊಂಡ ಸೈನಿಕನ ದೊಡ್ಡ ಪ್ರತಿಮೆ ಇದೆ. ಅದರ ಮುಂದೆ ಕೂತು ಎಲ್ಲ ಹೇಳಿದರು.

1945ರ ಮೇ 2ಕ್ಕೆ ಊರು ರಷ್ಯದವರ ಕೈಗೆ ಬಿದ್ದಾಗ ಅವರಿಗೆ 12 ವರ್ಷ. ಅಣ್ಣ ಯುದ್ಧದಲ್ಲಿ ಸತ್ತಿದ್ದ. ಸೈನಿಕರು ಹೆಂಗಸರ ಮೇಲೆ ಬೀಳುತ್ತಿದ್ದ ದಿನಗಳು. ರಾತ್ರಿಯಾದರೆ ಅಕ್ಕನನ್ನು ಅಟ್ಟದಲ್ಲಿ ಬಚ್ಚಿಡುತ್ತಿದ್ದರಂತೆ. ಗಡಿಯಾರವನ್ನೂ ಮಾಸ್ಕೋ ಗಂಟೆಗೆ ತಿರುಗಿಸಬೇಕಾಯಿತಂತೆ. ಆದರೆ ಬೀದಿ ತುದಿಯಲ್ಲಿ ಅದೇ ಸೈನ್ಯದವರು ಒಲೆ ಹೂಡಿ ಜನಕ್ಕೆ ಸೂಪು, ಬ್ರೆಡ್ಡು ಹಂಚುತ್ತಿದ್ದರು. ಅಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಹುಡುಗನಿಗೆ ಹದಿನೆಂಟು ಇರಬಹುದು. ಸೈಕಲ್ ಕಲಿಯುವ ಆಸೆ ಅವನಿಗೆ. ಉಳಿದವರು ಕಂಡ ಕಂಡ ಸೈಕಲ್ ಕಿತ್ತುಕೊಂಡರೆ ಇವನು ಕೈಸನ್ನೆಯಲ್ಲಿ ಕೇಳಿದ. ಇವರು ಅಣ್ಣನ ಸೈಕಲ್ ಕೊಟ್ಟು, ಹಿಂದೆ ಸೀಟು ಹಿಡಿದು ಓಡಿದರು. ಸಂಜೆ ಅವನೇ ಒರೆಸಿ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ. ಅಜ್ಜಿಯ ತಾಯಿ ಮಾತ್ರ ಒಂದು ದಿನವೂ ಅವನ ಮುಖ ನೋಡಲಿಲ್ಲ. ಮಗನನ್ನು ಕಳೆದುಕೊಂಡ ಆ ತಾಯಿಯದು ತಪ್ಪು ಅನ್ನಲು ನನಗೆ ಮನಸ್ಸು ಬರಲ್ಲ.

ಬಿದ್ದ ಮನೆಯೊಂದರ ಮೊಳೆ ಅವನ ಬೂಟು ತೂರಿ ಅಂಗಾಲಿಗೆ ಹೊಕ್ಕಿತು. ಇವರು ಲಂಗದ ಅಂಚು ಹರಿದು ಕಟ್ಟಿದರು. ಅವನು ಬಾಯಿ ಮೇಲೆ ಬೆರಳಿಟ್ಟು, ಯಾರಿಗೂ ಹೇಳಬೇಡ ಅಂತ ಸನ್ನೆ ಮಾಡಿ ಬೂಟು ಹಾಕಿಕೊಂಡ. ಹತ್ತು ದಿನಕ್ಕೆ ಆ ಬೂಟು ಬಿಚ್ಚಲೇ ಬರಲಿಲ್ಲ. ಲಾರಿಯಲ್ಲಿ ಮಲಗಿಸಿ ಒಯ್ದರು. ಆಮೇಲೆ ಸುದ್ದಿಯೇ ಇಲ್ಲ. ಆ ಬೆಲ್ ಅದೇ ಸೈಕಲ್ಲಿನದು. ಪೂರ್ತಿ ತುಕ್ಕು, ಹೆಬ್ಬೆರಳು ಒತ್ತುವ ಜಾಗ ಮಾತ್ರ ಹೊಳೆಯುತ್ತದೆ. ‘ನಾನು ಹೇಳಿಬಿಡಬೇಕಿತ್ತು’ ಅಂತ ನನ್ನ ಕೈ ಹಿಡಿದು ಅತ್ತರು. ವಾಪಸ್ ಬಂದು ಮೊಬೈಲ್ ನೋಡಿದರೆ ನಿನ್ನ ಪತ್ರ.

ಮಾವು ಕೀಳುವುದು ಮುಗಿಯಲಿ ಅಂತ ಅಪ್ಪ ಹೇಳಿದರೆ ಕೇಳಬೇಡ. ಅದನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ನಾಳೆಯೇ ಶ್ರೀನಿವಾಸಪುರದಿಂದ ಮೊದಲ ಬಸ್ಸಿಗೆ ಟಮಕದ ದೊಡ್ಡಾಸ್ಪತ್ರೆಗೆ ಹೋಗಿ. ಬೆರಳಿಗೆ ಎಕ್ಸ್‌ರೇ ಬೇಕು, ಮೂರು ತಿಂಗಳ ಶುಗರ್ ತೋರಿಸುವ ರಕ್ತಪರೀಕ್ಷೆಯೂ ಬೇಕು. ಅಲ್ಲಿಯ ತನಕ ಅರಿಶಿನ ಹಚ್ಚಬೇಡ, ಬಿಸಿನೀರಲ್ಲಿ ಕಾಲು ಇಡಿಸಬೇಡ, ಬರಿಗಾಲಲ್ಲಿ ಅಂಗಳಕ್ಕೂ ಬಿಡಬೇಡ. ಪುಟ್ಟನ ಅಕೌಂಟಿಗೆ 50,000 ಹಾಕಿದ್ದೇನೆ. ನನಗೆ ಒಂದಿಷ್ಟೂ ಕಷ್ಟ ಇಲ್ಲ, ರಾಗಿ ಹಿಟ್ಟು ಕೂಡ ಇನ್ನೂ ಎರಡು ಕೆ.ಜಿ. ಇದೆ. ನೀನು ಹೆದರಬೇಡ. ಬೇಗ ತೋರಿಸಿದರೆ ವಾಸಿಯಾಗುತ್ತದೆ, ಖಂಡಿತ ವಾಸಿಯಾಗುತ್ತದೆ. ಅಪ್ಪ ಬೈದರೆ ಮಗಳು ಹೇಳಿದ್ದು ಅನ್ನು.

ಆರಕ್ಕೆ ಡ್ಯೂಟಿ, ಟ್ರಾಮ್ ಬರುವ ಹೊತ್ತಾಯಿತು. ಬೆರಳಿನ ಫೋಟೋ ಇವತ್ತೇ ಕಳಿಸಲಿ. ಮೇಲಿಂದ ಒಂದು, ಅಂಗಾಲಿನ ಕಡೆಯಿಂದ ಒಂದು.

ನಿನ್ನ ಮಗಳು