ಕಲ್ಲಿನ ಸಂದಿಯಲ್ಲಿ ಎರಡು ಪೆನ್ಸ್

ಈ ಸಲದ ಬೇಸಿಗೆ ಪ್ರವಾಸ ಜೈಂಟ್ಸ್ ಕಾಸ್‌ವೇಗೆ, ಅಂದರೆ ಉತ್ತರ ಐರ್ಲೆಂಡ್‌ನ ಸಮುದ್ರದಂಚಿನಲ್ಲಿರುವ ಕಲ್ಲುಕಂಬಗಳ ಜಾಗಕ್ಕೆ, ಅಂತ ನಮ್ಮ ಸಂಘದ ಕಮಿಟಿ ಮೀಟಿಂಗ್‌ನಲ್ಲಿ ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಎತ್ತಿದ ಕೈ ಇಳಿಸುವಾಗ ಒಳಗೊಳಗೇ ಸ್ವಲ್ಪ ಮುಜುಗರವಾಯಿತು. ಯಾಕೆ ಅಂತ ಅಲ್ಲಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಅಮ್ಮ ಮಲ್ಪೆಯಿಂದ ಬಂದಿದ್ದರು. ಬೆಲ್‌ಫಾಸ್ಟ್‌ಗೆ ಊರಿನಿಂದ ಯಾರೇ ಬರಲಿ, ನಾವೆಲ್ಲ ಮಾಡುವುದು ಒಂದೇ ಅಲ್ವಾ? ಮೊದಲ ಶನಿವಾರ ಟೈಟಾನಿಕ್ ಮ್ಯೂಸಿಯಂ, ಮುಂದಿನ ಶನಿವಾರ ಕಾಸ್‌ವೇ. ಒಂದೂವರೆ ಗಂಟೆ ದಾರಿ, ಡಬ್ಬಿಯಲ್ಲಿ ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ. ಇಳಿಜಾರು ಇಳಿದು ಕಂಬಗಳ ಹತ್ತಿರ ಬಂದಾಗ ಅಮ್ಮ ಸೆರಗನ್ನು ಗಾಳಿಗೆ ಹಾರದ ಹಾಗೆ ಬಿಗಿಯಾಗಿ ಹಿಡಿದು, ಸುಮ್ಮನೆ ನಿಂತು ನೋಡಿದರು. ಆಮೇಲೆ, "ಎಂಥ ಮಾರಾಯ್ತಿ, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ತೋನ್ಸೆಪಾರಿನಲ್ಲಿ ಇಂಥದ್ದೇ ಕಲ್ಲು ಉಂಟಲ್ಲ" ಎಂದರು.

ಎತ್ತರದ ಕಂಬಗಳ ಸಂದಿಯಲ್ಲಿ ಸಾಲು ಸಾಲು ನಾಣ್ಯಗಳಿದ್ದವು. ಏನೋ ಬೇಡಿಕೊಂಡು ಸಿಕ್ಕಿಸಿ ಹೋದದ್ದು. ಇದು ಅಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ರೈಲು ನೇತ್ರಾವತಿ ಸೇತುವೆಗೆ ಬಂದರೆ ಕಿಟಕಿಯಿಂದ ಕಾಸು ಎಸೆದು ಕೈಮುಗಿಯುವವರು ಅವರು. "ನೀನೂ ಒಂದು ಹಾಕು" ಎಂದರು. ಪರ್ಸ್‌ನಲ್ಲಿ ಎರಡು ಪೆನ್ಸ್ ಇತ್ತು. ಸಂದಿಗೆ ಅರ್ಧ ಹೋಗಿ ನಿಂತಿತು. ಅಲ್ಲೇ ಬಿದ್ದಿದ್ದ ಕಲ್ಲಿನ ಚೂರು ತೆಗೆದುಕೊಂಡು ನಾಲ್ಕು ಸಲ ಕುಟ್ಟಿ ಒಳಗೆ ಕಳಿಸಿದೆ. ಫೋಟೋನೂ ತೆಗೆದೆ.

2025ರ ಮೇ ತಿಂಗಳಲ್ಲಿ ಕಾಸ್‌ವೇ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನವರು ಜನರಿಗೆ ಒಂದು ಮನವಿ ಮಾಡಿದರು: ದಯವಿಟ್ಟು ಕಲ್ಲಿನ ಸಂದಿಗೆ ನಾಣ್ಯ ಹಾಕಬೇಡಿ. ಬ್ರಿಟಿಷ್ ಭೂವಿಜ್ಞಾನ ಸರ್ವೇಕ್ಷಣೆಯವರು ಪರೀಕ್ಷೆ ಮಾಡಿ ನೋಡಿದ್ದರು. ಸಮುದ್ರದ ಉಪ್ಪುಗಾಳಿಗೆ ನಾಣ್ಯ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದದ್ದು ಊದಿಕೊಳ್ಳುತ್ತದೆ, ಮೊದಲಿನ ಮೂರು ಪಟ್ಟು ದಪ್ಪದವರೆಗೆ. ಊದಿಕೊಂಡ ನಾಣ್ಯಕ್ಕೆ ಜಾಗ ಬೇಕಲ್ಲ, ಕಂಬದ ಅಂಚನ್ನು ಒತ್ತಿ ಸೀಳುತ್ತದೆ. ಮೇಲಿಂದ ಕೆಳಗೆ ಕಂದು ಕಲೆಯೂ ಇಳಿಯುತ್ತದೆ. ಕಲ್ಲುಕೆಲಸದವರನ್ನು ಕರೆಸಿ ಮೊದಲು ಹತ್ತು ಜಾಗದಲ್ಲಿ ನಾಣ್ಯ ತೆಗೆಸಿ ನೋಡಿದರು. ಉಳಿದದ್ದನ್ನೆಲ್ಲ ತೆಗೆಯಲು 30,000 ಪೌಂಡ್‌ಗೂ ಹೆಚ್ಚು ಖರ್ಚಂತೆ. ನನ್ನ ಎರಡು ಪೆನ್ಸ್ ಅದರಲ್ಲಿ ಸೇರಿದೆ.

ನಂಬಿಕೆ ಬರದೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ನೀವೂ ಮಾಡಿ, ಮಕ್ಕಳಿಗೆ ಖುಷಿಯಾಗುತ್ತದೆ. ಫ್ರಿಜ್ ಬಾಗಿಲಿನಿಂದ ಮೈಸೂರು ಅರಮನೆಯ ಮ್ಯಾಗ್ನೆಟ್ ಕಿತ್ತು ಚಿಲ್ಲರೆ ಡಬ್ಬಿಯೊಳಗೆ ಇಳಿಸಿದೆ. ಒಂದು ಪೆನ್ನಿ, ಎರಡು ಪೆನ್ಸ್ ಎಲ್ಲ ಗೊಂಚಲಾಗಿ ಅರಮನೆಗೆ ಅಂಟಿಕೊಂಡು ಮೇಲೆ ಬಂದವು. ತಾಮ್ರ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ ಅಂತ ಶಾಲೆಯಲ್ಲಿ ಕಲಿತದ್ದು ಏನಾಯಿತು? ವಿಷಯ ಇಷ್ಟೇ. 1992ರಿಂದ ಈ ನಾಣ್ಯಗಳ ಒಳಗೆ ಇರುವುದು ಉಕ್ಕು, ತಾಮ್ರ ಬರೀ ಮೇಲಿನ ಲೇಪ. ಡಬ್ಬಿಯ ತಳದಲ್ಲಿ ಅಂಟದೆ ಉಳಿದ ಒಂದೆರಡು ಹಳೆಯವು, ನಿಜವಾದ ಕಂಚಿನವು. ಯೂರೋದ ಒಂದು, ಎರಡು, ಐದು ಸೆಂಟಿನ ಕಥೆಯೂ ಇದೇ. ನದಿಗೆ ಕಾಸು ಹಾಕುವ ಪದ್ಧತಿ ಶುರುವಾದ ಕಾಲದ ನಾಣ್ಯ ಬೇರೆ, ಈಗಿನ ನಾಣ್ಯ ಬೇರೆ. ಅದೂ ಅಲ್ಲದೆ ನದಿಗೆ ಹಾಕಿದ್ದು ಹರಿದು ಹೋಗುತ್ತದೆ. ಸಂದಿಗೆ ಹಾಕಿದ್ದು ಅಲ್ಲೇ ಕೂತು ಕೆಲಸ ಮಾಡುತ್ತಿರುತ್ತದೆ.

ಆ ಸಂದಿ ಹುಟ್ಟಿದ್ದು ಹೇಗೆ ಅನ್ನುವುದು ಕೇಳುವ ಹಾಗಿದೆ. ಸುಮಾರು 6 ಕೋಟಿ ವರ್ಷದ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು. ನಿಂತು ತಣ್ಣಗಾಗುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದ ಕೆಸರು ಬಿಲ್ಲೆ ಬಿಲ್ಲೆಯಾಗಿ ಒಡೆಯುತ್ತದಲ್ಲ, ಹಾಗೆ. ಆದರೆ ಕೆಸರಿನ ಬಿರುಕು ಅಷ್ಟಕ್ಕೇ ನಿಲ್ಲುತ್ತದೆ, ಇಲ್ಲಿ ತಣ್ಣಗಾದಂತೆಲ್ಲ ಬಿರುಕು ಆಳಕ್ಕೆ ಇಳಿಯುತ್ತಾ ಹೋಯಿತು. ಹಾಗಾಗಿ ಬಿಲ್ಲೆ ಕಂಬವಾಯಿತು. ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2018ರಲ್ಲಿ ಐಸ್‌ಲೆಂಡ್‌ನ ಇಂಥದ್ದೇ ಕಲ್ಲನ್ನು ಲ್ಯಾಬಿನಲ್ಲಿ ಕಾಯಿಸಿ, ತಣಿಸಿ ನೋಡಿದರು. ಕಲ್ಲು ಬಿರಿಯುವುದು 840ರಿಂದ 890 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅಂತ ಗೊತ್ತಾಯಿತು. ಅಂದರೆ ಇನ್ನೂ ಕೆಂಡದ ಹಾಗೆ ಇರುವಾಗಲೇ!

ಹೀಗೆ ಆದ ಕಂಬಗಳು ಸುಮಾರು 40,000. ಹೆಚ್ಚಿನವು ಆರು ಮೂಲೆಯವು, ನಡುನಡುವೆ ಐದು, ಏಳು ಮೂಲೆಯವೂ ಸಿಗುತ್ತವೆ. ಹೋದಾಗ ಬಗ್ಗಿ ಕಂಬದ ತಲೆ ನೋಡಿ. ಒಂದು ತಟ್ಟೆಯ ಹಾಗೆ ತಗ್ಗಾಗಿ ಮಳೆನೀರು ಹಿಡಿದು ಕೂತಿರುತ್ತದೆ. ಪಕ್ಕದ್ದು ಇಡ್ಲಿಯ ಹಾಗೆ ಉಬ್ಬಿರುತ್ತದೆ. ಕಂಬ ಒಂದೇ ಉದ್ದದ ತುಂಡಲ್ಲ. ಬಿಲ್ಲೆಯ ಮೇಲೆ ಬಿಲ್ಲೆ, ಉಬ್ಬಿಗೆ ತಗ್ಗು ಕೂಡಿಸಿ ಪೇರಿಸಿದ ಹಾಗೆ ಇರುತ್ತದೆ.

ಊರಿನವರ ಕಥೆ ಬೇರೆ. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್‌ಲೆಂಡ್‌ನ ಬೆನಂಡಾನರ್ ಎಂಬ ಇನ್ನೊಬ್ಬ ದೈತ್ಯನ ಜೊತೆ ಜಗಳ ಕಾಯಲು ಸಮುದ್ರಕ್ಕೆ ಸೇತುವೆ ಕಟ್ಟಿದನಂತೆ. ಹೋಗಿ ನೋಡಿದರೆ ಅವನು ಇವನಿಗಿಂತ ದೊಡ್ಡವನು. ಫಿನ್ ಬಾಲ ಮುದುರಿಕೊಂಡು ಮನೆಗೆ ಓಡಿ ಬಂದ. ಹೆಂಡತಿ ಊನಾ ಜಾಣೆ. ಗಂಡನಿಗೆ ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿದಳು. ಹುಡುಕಿಕೊಂಡು ಬಂದ ಬೆನಂಡಾನರ್ ತೊಟ್ಟಿಲು ನೋಡಿದ. ಮಗುವೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಡ ಅಂತ ಹೆದರಿ, ಸೇತುವೆ ಕಿತ್ತು ಹಾಕುತ್ತಾ ಓಡಿದ. ಆ ಕಡೆಯ ಸ್ಟಾಫಾ ದ್ವೀಪದಲ್ಲೂ ಇಂಥದ್ದೇ ಕಂಬಗಳಿವೆ, ಹಾಗಾಗಿ ಕಥೆಗೆ ಸಾಕ್ಷಿಯೂ ಉಂಟು. ಕುಲಾವಿಯ ಭಾಗ ಕೇಳಿ ಅಮ್ಮ ನಕ್ಕದ್ದೇ ನಕ್ಕದ್ದು.

ಅಮ್ಮ ಹೇಳಿದ ತೋನ್ಸೆಪಾರ್ ಮಾತಿಗೆ ಬರುತ್ತೇನೆ. ಅದೇ ಸೇಂಟ್ ಮೇರೀಸ್ ದ್ವೀಪ, ಮಲ್ಪೆಯಿಂದ ಬೋಟಿನಲ್ಲಿ ಹೋಗುವುದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೋಡಲು ಅಮ್ಮನ ಮಾತು ನಿಜ, ಆದರೆ ಕಲ್ಲಿನ ಜಾತಿ ಬೇರೆ. ಕಾಸ್‌ವೇಯದ್ದು ಕಪ್ಪು ಬಸಾಲ್ಟ್. ನಮ್ಮದು ಸಿಲಿಕಾ ಜಾಸ್ತಿ ಇರುವ, ಮಂದವಾದ ಲಾವಾದಿಂದ ಆದದ್ದು. ವಯಸ್ಸೂ ಹೆಚ್ಚು, ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರೆಯಾಗುವ ಕಾಲದ್ದು. ಕಾಸ್‌ವೇಯ ಲಾವಾ ಉಕ್ಕಿದ್ದು ಗ್ರೀನ್‌ಲೆಂಡ್ ಯೂರೋಪಿನಿಂದ ಬೇರೆಯಾಗಿ ಉತ್ತರ ಅಟ್ಲಾಂಟಿಕ್ ತೆರೆದುಕೊಳ್ಳುವಾಗ. ಎರಡೂ ಮನೆ ಪಾಲಾದಾಗಿನ ಗೋಡೆ ಬಿರುಕುಗಳು ಅನ್ನಿ.

ಉಡುಪಿ, ಮಂಗಳೂರು ಕಡೆಯವರು ಕಾಸ್‌ವೇಯಲ್ಲಿ ಇನ್ನೊಂದು ನೋಡಬೇಕು. ಕಂಬಗಳನ್ನು ದಾಟಿ ಮುಂದೆ ನಡೆದರೆ, ಕಪ್ಪು ಬಂಡೆಯ ಗೋಡೆಯ ನಡುವೆ ಕೆಂಪು ಪಟ್ಟಿಯೊಂದು ಕಾಣುತ್ತದೆ. ಒಂದು ಲಾವಾ ನಿಂತು ಇನ್ನೊಂದು ಬರುವ ನಡುವೆ ತುಂಬಾ ಕಾಲ ಹೋಗಿತ್ತು. ಆಗ ಇಲ್ಲಿ ಸೆಖೆ, ಮಳೆ. ಕಲ್ಲು ನಿಧಾನಕ್ಕೆ ಶಿಥಿಲವಾಗಿ ಕೆಂಪು ಮಣ್ಣಾಯಿತು. ಅದು ಬೇರೇನಲ್ಲ, ನಮ್ಮ ಮುರಕಲ್ಲಿನ ನೆಂಟ! ಭೂವಿಜ್ಞಾನದವರು ಇದಕ್ಕೆ ಲ್ಯಾಟರೈಟ್ ಅನ್ನುತ್ತಾರೆ. ಆ ಹೆಸರು ಹೋದದ್ದೂ ನಮ್ಮ ಕಡೆಯಿಂದಲೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ಡಾಕ್ಟರನ್ನು ಈಸ್ಟ್ ಇಂಡಿಯಾ ಕಂಪನಿಯವರು ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರಲು ಕಳಿಸಿದರು. ಮಲಬಾರಿನ ಅಂಗಾಡಿಪುರಂ ಹತ್ತಿರ ಜನ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದನ್ನು ನೋಡಿ, ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಹೆಸರು ಕೊಟ್ಟರು. 1807ರಲ್ಲಿ ಅದು ಅಚ್ಚಾಯಿತು. ಈಗ ಅದೇ ಹೆಸರು ಇಟ್ಟು ಇಲ್ಲಿನ ಗುಡ್ಡವನ್ನೂ ಕರೆಯುತ್ತಾರೆ.

ಕಾಸ್‌ವೇ ಎಲ್ಲರದ್ದೂ ಆಗಿ ಉಳಿದದ್ದು ಸುಲಭವಾಗಿ ಅಲ್ಲ. 1890ರ ದಶಕದಲ್ಲಿ ಒಂದು ಕಂಪನಿ ಅದನ್ನು ಗುತ್ತಿಗೆ ಹಿಡಿದು, ಬೇಲಿ ಹಾಕಿ, ತಲೆಗೆ ಆರು ಪೆನ್ಸ್ ವಸೂಲಿ ಶುರು ಮಾಡಿತು. ಊರಿನವರು ಕೋರ್ಟಿಗೆ ಹೋಗಿ ಸೋತರು. 1961ರಲ್ಲಿ ನ್ಯಾಷನಲ್ ಟ್ರಸ್ಟ್ ಕೈಗೆ ಬಂತು. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಉತ್ತರ ಐರ್ಲೆಂಡ್‌ನಲ್ಲಿ ಅದೇ ಮೊದಲು. ಈಗ ಕಲ್ಲಿನವರೆಗೆ ನಡೆದು ಹೋಗಲು ದುಡ್ಡು ಕೊಡಬೇಕಿಲ್ಲ. ಕೊಡುವುದು ವಿಸಿಟರ್ ಸೆಂಟರಿಗೆ, ಅಲ್ಲಿನ ಪಾರ್ಕಿಂಗ್‌ಗೆ. ಇದನ್ನು ಬೋಲ್ಡ್ ಅಕ್ಷರದಲ್ಲಿ ಹಾಕಿ ಅಂತ ನಮ್ಮ ಖಜಾಂಚಿಯವರು ಹೇಳಿದ್ದರು. ಸಾದಾ ಅಕ್ಷರದಲ್ಲೇ ಹಾಕಿದ್ದೇನೆ, ನೀವು ಜೋರಾಗಿ ಓದಿಕೊಳ್ಳಿ.

ನಾಣ್ಯದ ಮೇಲೆ ಅಷ್ಟು ಆಸೆ ಇದ್ದವರು ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಮ್ಯೂಸಿಯಂಗೆ ಹೋಗಿ. 1588ರಲ್ಲಿ ಸ್ಪೇನಿನ ನೌಕಾಪಡೆಯ ಗಿರೋನಾ ಎಂಬ ಹಡಗು ಕಾಸ್‌ವೇ ಪಕ್ಕದ ಬಂಡೆಗೆ ಬಡಿದು ಮುಳುಗಿತು. ಸತ್ತವರು ಸಾವಿರಕ್ಕೂ ಹೆಚ್ಚು. 1967ರಲ್ಲಿ ಬೆಲ್ಜಿಯಂನ ಮುಳುಗುಗಾರರೊಬ್ಬರು ಅದನ್ನು ಪತ್ತೆಮಾಡಿದರು. ಮೇಲೆ ಬಂದ ಚಿನ್ನದ ನಾಣ್ಯಗಳು ಮ್ಯೂಸಿಯಂನಲ್ಲಿವೆ. ಮಾಣಿಕ್ಯ ಕೂರಿಸಿದ, ಹಲ್ಲಿಯಂಥ ಪುಟ್ಟ ಚಿನ್ನದ ಪದಕವೂ ಇದೆ. ಸುಮಾರು ನಾಲ್ಕು ಶತಮಾನ ಉಪ್ಪುನೀರಲ್ಲಿ ಇದ್ದರೂ ಚಿನ್ನ ಚಿನ್ನವೇ.

ಪ್ರವಾಸಕ್ಕೆ ಬರುವವರು ಎರಡು ವಿಷಯ ನೋಡಿಕೊಳ್ಳಿ. ಡಬ್ಲಿನ್ ಕಡೆಯ ಗೆಳೆಯರೇ, ಗಡಿಯಲ್ಲಿ ಯಾರೂ ನಿಲ್ಲಿಸುವುದಿಲ್ಲ ನಿಜ. ಆದರೂ ಇದು ಯುಕೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಐರ್ಲೆಂಡ್‌ನ ರೆಸಿಡೆನ್ಸ್ ಕಾರ್ಡ್ ಒಂದೇ ಸಾಲದು, ಯುಕೆ ವೀಸಾ ಬೇಕು. ಹಾಗೇ, ಹಿಡಿತ ಇರುವ ಬೂಟು ಹಾಕಿ ಬನ್ನಿ. ನೀರಿನ ಅಂಚಿನ ಕರೀ ಕಲ್ಲು ನಮ್ಮ ಹಳೇ ಬಾವಿಕಟ್ಟೆಗಿಂತ ಜಾಸ್ತಿ ಜಾರುತ್ತದೆ. ಚಿಲ್ಲರೆ ಬಸ್ಸಿನಲ್ಲೇ ಬಿಟ್ಟು ಇಳಿದರೆ ಇನ್ನೂ ಒಳ್ಳೆಯದು.

ಸುದ್ದಿ ಓದಿದ ಮೇಲೆ ನಾನು, ಮಗಳು ಒಂದು ಭಾನುವಾರ ಹೋಗಿ ನನ್ನ ನಾಣ್ಯ ಹುಡುಕಿದೆವು. ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದರೆ ಅದರ ತುಂಬಾ ಅಮ್ಮನ ಮುಖ, ಕಲ್ಲು ಹಿಂದೆ ಮಸುಕು. ಯಾವ ಕಂಬ ಅಂತ ಗೊತ್ತಾಗಲಿಲ್ಲ. ಒಂದು ಕಡೆ ತುಕ್ಕು ಹಿಡಿದು ಹಪ್ಪಳದ ಹಾಗೆ ಎದ್ದ ನಾಣ್ಯವಿತ್ತು. ಅದರ ಪಕ್ಕದಲ್ಲಿ ಕಂಬದ ಅಂಚು ಉಗುರಿನಷ್ಟು ಹಾರಿಹೋಗಿತ್ತು. ಒಡೆದ ಜಾಗ ಮಾತ್ರ ತಿಳಿ ಬೂದಿ ಬಣ್ಣ, ಆಗಷ್ಟೇ ಸುಲಿದ ಹಾಗೆ. ಕಿತ್ತು ನೋಡೋಣ ಅಂತ ಬೆರಳು ಹಾಕಿದೆ. "ಅಮ್ಮಾ, ಬಿಡು. ಇನ್ನೂ ಒಡೀತದೆ. ಅದಕ್ಕೆ ಅಂತ ಬರ್ತಾರೆ" ಎಂದಳು ಮಗಳು.

ರಾತ್ರಿ ಮಲ್ಪೆಗೆ ಫೋನ್ ಮಾಡಿ, ನಿಮ್ಮ ಮಾತು ಕೇಳಿ ಹಾಕಿದ ನಾಣ್ಯವನ್ನು ಕಿತ್ತು ತೆಗೆಯುತ್ತಾರಂತೆ ಅಂದೆ. "ತೆಗೆದರೆ ತೆಗೀಲಿ ಮಾರಾಯ್ತಿ" ಎಂದರು ಅಮ್ಮ. "ಬೇಡಿಕೊಂಡದ್ದು ನಿನ್ನ ಕೆಲಸ ಪರ್ಮನೆಂಟ್ ಆಗ್ಲಿ ಅಂತ. ಅದು ಆಗಿ ಎಷ್ಟು ವರ್ಷ ಆಯ್ತು!"