ಬ್ರೇಕ್ ಒತ್ತುವ ಮೊದಲು ಕಾಲೆತ್ತು, ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ಕಾರು ತೆಗೆದುಕೊಂಡು ಬೆಂಗಳೂರಿಗೆ ಹೋಗಿ ಎರಡು ತಿಂಗಳಾಯ್ತು. ಮೊನ್ನೆ ಫೋನಿನಲ್ಲಿ, "ಅಮ್ಮಾ, ನಿನ್ನ ಕೈಯಲ್ಲಿ ಲೀಟರಿಗೆ 19 ಕಿಲೋಮೀಟರ್ ಕೊಡ್ತಿದ್ದ ಗಾಡಿ ನನಗೆ 13 ಕೂಡ ಕೊಡ್ತಿಲ್ಲ, ಏನೋ ಕೆಟ್ಟಿರಬೇಕು" ಅಂದೆಯಲ್ಲ, ಅವತ್ತಿನಿಂದ ಅದೇ ಯೋಚನೆ. ಗಾಡಿ ಕೆಟ್ಟಿಲ್ಲ ಅಂತ ನನಗನ್ನಿಸುತ್ತದೆ. ಹಾಸನದ ರಸ್ತೆಯಲ್ಲಿ ಓಡಿದ ಗಾಡಿ ಈಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುತ್ತಿದೆ. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಆ 13 ಎಲ್ಲಿಂದ ಬಂತು ಹೇಳು. ಅಂದಾಜಿನ ಲೆಕ್ಕ ಬೇಡ. ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸು. ಪೈಪು ತಾನಾಗಿಯೇ ಟಕ್ ಅಂತ ನಿಂತ ಮೇಲೆ ಇನ್ನೂ ತುಂಬಿಸಲು ಬಿಡಬೇಡ. ಟ್ರಿಪ್ ಮೀಟರ್ ಸೊನ್ನೆ ಮಾಡು. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸು. ಹೀಗೆ ಮೂರು ಸಲ ಬರೆದಿಟ್ಟರೆ ನಿಜ ಗೊತ್ತಾಗುತ್ತದೆ. ಈಗ ಬರುತ್ತಿರುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಲೀಟರಿಗೆ ಹೋಲಿಸಿದರೆ ಎಥನಾಲ್‌ಗೆ ಪೆಟ್ರೋಲಿನಷ್ಟು ಕಸುವಿಲ್ಲ. ಅದರಿಂದಲೂ ಮೈಲೇಜು ಸ್ವಲ್ಪ ಇಳಿಯುತ್ತದೆ, ನಿನ್ನ ತಪ್ಪಲ್ಲ.

ಉಳಿದದ್ದೆಲ್ಲ ನಿನ್ನ ಬಲಗಾಲಿನದು. ಕಳೆದ ತಿಂಗಳು ನಿನ್ನ ಪಕ್ಕ ಕೂತು ಬಂದೆನಲ್ಲ, ಆಗ ನೋಡಿದೆ. ದೂರದಲ್ಲಿ ಸಿಗ್ನಲ್ ಕೆಂಪಾಗಿತ್ತು, ನಾನು ಕೂತಲ್ಲಿಗೇ ಕಾಣುತ್ತಿತ್ತು. ನೀನು ಅಲ್ಲಿಯವರೆಗೂ ಆಕ್ಸಿಲರೇಟರ್ ಒತ್ತಿಕೊಂಡೇ ಹೋಗಿ, ಮುಂದಿನ ಆಟೋ ಹಿಂದೆ ಗಕ್ಕನೆ ಬ್ರೇಕ್ ಹಾಕಿದೆ. ಪುಟ್ಟಿ, ಆ ವೇಗಕ್ಕೆ ನೀನು ಆಗಲೇ ಪೆಟ್ರೋಲ್ ಸುಟ್ಟಿದ್ದೀಯ. ಬ್ರೇಕ್ ಒತ್ತಿದಾಗ ಅದೆಲ್ಲ ಡಿಸ್ಕಿನಲ್ಲಿ ಬಿಸಿಯಾಗಿ ಗಾಳಿಗೆ ಹೋಯ್ತು. ಕೆಂಪು ಕಂಡ ಕೂಡಲೇ ಕಾಲೆತ್ತು. ಗಾಡಿ ಗೇರಿನಲ್ಲೇ ಇರಲಿ, ತಾನಾಗಿ ನಿಧಾನವಾಗುತ್ತದೆ. ಎಷ್ಟೋ ಸಲ ನೀನು ಹತ್ತಿರ ಹೋಗುವಷ್ಟರಲ್ಲಿ ಹಸಿರು ಬಂದಿರುತ್ತದೆ, ನಿಲ್ಲಿಸುವ ಕೆಲಸವೇ ಇಲ್ಲ.

ಗೇರಿನಲ್ಲೇ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಿನಗೆ ಆಫೀಸಿನಲ್ಲಿ ಯಾರೋ "ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲ್ ಉಳಿಯುತ್ತೆ" ಅಂದಿದ್ದಾರೆ ಅಂತ ಹೇಳಿದೆಯಲ್ಲ. ಆ ಮಾತು ಕಾರ್ಬುರೇಟರ್ ಕಾಲದ್ದು. ಈಗಿನ ಗಾಡಿಗಳಲ್ಲಿ ಇಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲ್ ಅಳೆದು ಬಿಡುವ ಇಂಜೆಕ್ಟರ್ ಇದೆ. ಗೇರಿನಲ್ಲಿಟ್ಟು ಕಾಲು ತೆಗೆದರೆ ಚಕ್ರಗಳೇ ಇಂಜಿನ್ ತಿರುಗಿಸುತ್ತವೆ, ಇಂಜೆಕ್ಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆಫ್ ಆಗದೇ ಇರಲು ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿಸಲು ಹೋಗಿ ಖರ್ಚು.

ಖರ್ಚು ಹೋಗಲಿ. ನೀನು ಎರಡು ವರ್ಷದವಳಿದ್ದಾಗ ಸುಬ್ರಹ್ಮಣ್ಯಕ್ಕೆ ಹೊರಟಿದ್ದೆವು. ಗಾಡಿ ನಾನೇ ಓಡಿಸುತ್ತಿದ್ದೆ. ನಾನೂ ಇದೇ ಮಾತು ನಂಬಿ, ಮಾರನಹಳ್ಳಿ ದಾಟಿದ ಮೇಲೆ ಶಿರಾಡಿ ಘಾಟಿಯನ್ನು ನ್ಯೂಟ್ರಲ್‌ನಲ್ಲೇ ಇಳಿಸುತ್ತಾ ಬಂದೆ. ತಿರುವು ತಿರುವಿಗೂ ಬ್ರೇಕ್. ಗುಂಡ್ಯ ಇನ್ನೂ ಸ್ವಲ್ಪ ದೂರ ಇರುವಾಗ ಏನೋ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಒದ್ದೆ ಸ್ಪಂಜಿನ ಹಾಗೆ ಒಳಗೆ ಹೋಯ್ತು, ಗಾಡಿ ನಿಲ್ಲಲಿಲ್ಲ. ಎದುರಿಗೆ ಟ್ಯಾಂಕರ್ ಹತ್ತಿ ಬರುತ್ತಿತ್ತು. ನಿಮ್ಮಪ್ಪ "ಸೆಕೆಂಡ್ ಗೇರ್!" ಅಂತ ಕೂಗಿದರು. ಹೇಗೋ ಹಾಕಿದೆ. ಇಂಜಿನ್ ಜೋರಾಗಿ ಅರಚಿತು, ಗಾಡಿ ಹಿಡಿತಕ್ಕೆ ಬಂತು. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಮುಂದಿನ ಎರಡೂ ಚಕ್ರದಿಂದ ಹೊಗೆ. ಮಳೆ ಹನಿ ಬಿದ್ದರೆ ಚುಂಯ್ ಅನ್ನುತ್ತಿತ್ತು. ನಿನ್ನನ್ನು ಎತ್ತಿಕೊಂಡು ಒಂದು ಗಂಟೆ ಅಲ್ಲೇ ನಿಂತಿದ್ದೆವು. ನೀನು ನಿದ್ದೆ ಮಾಡುತ್ತಿದ್ದೆ. ಇವತ್ತಿಗೂ ಆ ತಿರುವು ಬಂದರೆ ನನ್ನ ಕೈ ಬೆವರುತ್ತದೆ. ಘಾಟಿಯನ್ನು ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಇದೊಂದು ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡ.

ಊರಿಗೆ ಬರುವಾಗ 80ರಲ್ಲಿ ಬಾ. ವೇಗ ಏರಿದ ಹಾಗೆ ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ಕ್ಕಿಂತ 100ರಲ್ಲಿ ಗಾಳಿ ಒಂದೂವರೆ ಪಟ್ಟಿಗಿಂತ ಜಾಸ್ತಿ ತಡೆಯುತ್ತದೆ. 100ರಲ್ಲಿ ಬಂದರೆ 180 ಕಿಲೋಮೀಟರಿಗೆ ಉಳಿಯುವುದು ಲೆಕ್ಕದಲ್ಲೇ 27 ನಿಮಿಷ, ಅದೂ ನೆಲಮಂಗಲದ ಜಾಮಿನಲ್ಲಿ ಹೋಗಿಬಿಡುತ್ತದೆ ಅಲ್ವಾ.

ಟೈರ್ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸು, ಸ್ಟೆಪ್ನಿಯದ್ದೂ ಸೇರಿಸಿ. ಎಷ್ಟು ಬೇಕು ಅಂತ ಡ್ರೈವರ್ ಬಾಗಿಲು ತೆಗೆದರೆ ಸ್ಟಿಕ್ಕರಿನಲ್ಲಿ ಬರೆದಿದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ನೋಡಬೇಕು, ಓಡಿ ಬಿಸಿಯಾದ ಮೇಲೆ ಜಾಸ್ತಿ ತೋರಿಸುತ್ತದೆ.

ಇನ್ನು ತೊಳೆಯುವ ವಿಷಯ. ಬಾನೆಟ್ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೆರೆ ಕಾಣುತ್ತದಲ್ಲ, ಅದು ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದರ ಗುರುತು. ಧೂಳು ಅಂದರೆ ಸಣ್ಣ ಮರಳು. ನೀರಿಲ್ಲದೆ ಉಜ್ಜಿದರೆ ಬಣ್ಣ ಗೀಚುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಹುಡುಗನಿಗೆ ಬೇಸರ ಮಾಡಬೇಡ. ಎರಡು ಒಳ್ಳೆ ಮೈಕ್ರೋಫೈಬರ್ ಬಟ್ಟೆ ಕೊಡಿಸಿ, ವಾರಕ್ಕೊಮ್ಮೆ ಒದ್ದೆ ಮಾಡಿಯೇ ಒರೆಸು ಅಂತ ಹೇಳು ಸಾಕು.

ಪೈಪ್ ಮಾತ್ರ ಹಿಡಿಯಬೇಡ. ನಿಮ್ಮ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪಾಗಿ, ಏರು ಹತ್ತಿ ಬಂದದ್ದು. 2024ರ ಮಾರ್ಚಿನಲ್ಲಿ ನೀರಿಲ್ಲದೆ ಒದ್ದಾಡಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ನೆನಪಿದೆಯಾ? ಆಗ ನೀನು ಬಟ್ಟೆ ಒಗೆಯೋಕೆ ಊರಿಗೆ ಬಂದಿದ್ದೆ. ನಿಮ್ಮಲ್ಲಿ ಶುದ್ಧ ಮಾಡಿದ ಕೊಳಚೆ ನೀರಿನ ಬೇರೆ ನಲ್ಲಿ ಇದ್ದರೆ ಅದನ್ನೇ ಬಳಸು. ಮೂರು ಬಕೆಟ್ ಧಾರಾಳ ಸಾಕು. ನೆರಳಿನಲ್ಲಿ ನಿಲ್ಲಿಸಿ, ಮೊದಲು ಚೊಂಬಿನಲ್ಲಿ ನೀರು ಸುರಿದು ಮಣ್ಣು ನೆನೆಸು. ಮೇಲಿನಿಂದ ಕೆಳಗೆ ಬಾ. ಒಂದು ಬಕೆಟ್ಟಿನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಪಾತ್ರೆ ಸೋಪು ಬೇಡ, ಮೇಲಿನ ವ್ಯಾಕ್ಸೆಲ್ಲ ಎದ್ದು ಹೋಗುತ್ತದೆ. ಹಕ್ಕಿ ಹಿಕ್ಕೆ ಬಿದ್ದರೆ ಭಾನುವಾರದ ತನಕ ಕಾಯಬೇಡ, ಬಿಸಿಲಿಗೆ ಬಣ್ಣ ತಿನ್ನುತ್ತದೆ. ಒದ್ದೆ ಬಟ್ಟೆ ಐದು ನಿಮಿಷ ಅದರ ಮೇಲಿಟ್ಟು ಮೆತ್ತಗೆ ಎತ್ತು. ಆಯುಧಪೂಜೆಯ ಕುಂಕುಮವನ್ನೂ ಅವತ್ತೇ ಸಂಜೆ ಒರೆಸು.

ಕೈಯಾರೆ ತೊಳೆದರೆ ಏನೇನೋ ಕಣ್ಣಿಗೆ ಬೀಳುತ್ತದೆ. ಕಳೆದ ಮಳೆಗಾಲದಲ್ಲಿ ಹಿಂದಿನ ಟೈರ್ ತೊಳೆಯುತ್ತಿದ್ದಾಗಲೇ ನನ್ನ ಬೆರಳಿಗೆ ಮೊಳೆಯ ತಲೆ ತಗುಲಿದ್ದು. ವೈಪರ್ ಕೆಳಗೆ ಬಾನೆಟ್ ಅಂಚಿನಲ್ಲಿ ಜಾಲರಿ ಇದೆಯಲ್ಲ, ಅಲ್ಲಿ ಒಣಗಿದ ಹೊಂಗೆ ಎಲೆ ತುಂಬಿರುತ್ತದೆ. ತೆಗೆಯದಿದ್ದರೆ ನೀರು ಹೋಗುವ ದಾರಿ ಕಟ್ಟಿ ಗಾಡಿಯೊಳಗೇ ಸೋರುತ್ತದೆ. ಬೆರಳು ಹಾಕಿ ತೆಗಿ.

ಡಿಕ್ಕಿ ತೆಗೆದು ನೋಡು. ನಾನು ಕಳಿಸಿದ ತೆಂಗಿನಕಾಯಿ ಚೀಲ ಇನ್ನೂ ಅಲ್ಲೇ ಇದೆ ಅಂತ ನನಗೆ ಗೊತ್ತು. ಎರಡು ತಿಂಗಳಿಂದ 30 ಕೆಜಿ ಹೊತ್ತು ಓಡುತ್ತಿದೆ ಪಾಪ. ಇವತ್ತೇ ಇಳಿಸು, ನಾಲ್ಕು ಕಾಯಿ ಎದುರು ಮನೆಯ ಆಂಟಿಗೆ ಕೊಡು. ಗಣೇಶನ ಹಬ್ಬಕ್ಕೆ ಬರುವಾಗ ಆ ಮೂರು ಟ್ಯಾಂಕಿನ ಲೆಕ್ಕ ಬರೆದುಕೊಂಡು ಬಾ, ಇಬ್ಬರೂ ಕೂತು ನೋಡೋಣ.

ನಿನ್ನ
ಅಮ್ಮ